ಐದು ತೂತಿನ ಚಪ್ಪಲಿ

ಸದಲಗಾದ ಕಾಂಚನ ಒಂದು ಸಿಟ್ಟನ್ನು ಹತ್ತು ವರ್ಷ ಸಾಕಿದಳು. ಜನ ಎಮ್ಮೆ ಸಾಕುತ್ತಾರಲ್ಲ, ಹೊತ್ತು ಹೊತ್ತಿಗೆ ಮೇವು ಹಾಕಿ, ಮೈ ತಿಕ್ಕಿ, ಹಾಗೆ. "ಹೋಗಲಿ ಬಿಡು" ಎಂದವರನ್ನೆಲ್ಲ ದುರುಗುಟ್ಟಿ ನೋಡಿದಳು. ಬಿಡು ಎನ್ನುವವರಿಗೇನು ಹೋಗುತ್ತದೆ? ಅವರ ಅಪ್ಪನನ್ನು ಯಾರೂ ಅಂಗಡಿಯ ಮೆಟ್ಟಿಲ ಕೆಳಗೆ ನಿಲ್ಲಿಸಿರಲಿಲ್ಲ.

ಅವಳ ಅಪ್ಪ ರಾಜಾರಾಮ ಕಾಂಬಳೆ ಕೊಲ್ಹಾಪುರಿ ಚಪ್ಪಲಿ ಮಾಡುವವನು. ತೊಗಲು ಕೊಯ್ಯುವುದು, ಪದರ ಕೂಡಿಸುವುದು ಅವನ ಕೆಲಸ. ಮೇಲಿನ ಹೆಣಿಗೆ ಅವಳ ಅವ್ವ ಸುಂದರಾಳದ್ದು. ರಾಜಾರಾಮನಿಗೆ ಓದು ಬರಹ ಬಾರದು, ಆದರೆ ಅವನ ಕಿವಿಯಂಥ ಕಿವಿ ಆ ಓಣಿಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಹೊಲಿದ ಅಟ್ಟೆಯನ್ನು ಕಿವಿಯ ಹತ್ತಿರ ಹಿಡಿದು, ತಲೆ ಓರೆ ಮಾಡಿ, ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ಪದರಗಳು ಸರಿಯಾಗಿ ಕೂಡಿದ್ದರೆ "ಹಿಡದೈತಿ" ಎನ್ನುತ್ತಿದ್ದ. ಇಲ್ಲದಿದ್ದರೆ ಹೊಲಿಗೆ ಬಿಚ್ಚಿ ಪಕ್ಕಕ್ಕೆ ಎಸೆದು "ಇನ್ನೊಮ್ಮೆ" ಎನ್ನುತ್ತಿದ್ದ. ಎರಡೇ ಮಾತು. ಸಣ್ಣವಳಿದ್ದಾಗ ಕಾಂಚನ ಹೊಲಿದದ್ದಕ್ಕೆಲ್ಲ ಇನ್ನೊಮ್ಮೆಯೇ ಸಿಗುತ್ತಿತ್ತು. ಒಂದು ಸಲ ಒಂದೇ ಅಟ್ಟೆಯನ್ನು ಏಳು ಬಾರಿ ಬಿಚ್ಚಿಸಿದ, ಅವಳು ಅಳುತ್ತಲೇ ಹೊಲಿದಳು.

ಪೂರ್ತಿಯಾದ ಜೋಡಿಗೆ ಕೊನೆಯಲ್ಲಿ ಅವನು ತೊಗಲು ಚುಚ್ಚುವ ಆರಿ ತೆಗೆದುಕೊಂಡು ಹಿಮ್ಮಡಿಯ ಜಾಗದಲ್ಲಿ ಐದು ಸಣ್ಣ ತೂತು ಹೊಡೆಯುತ್ತಿದ್ದ. ನಡುವೆ ಒಂದು, ಸುತ್ತ ನಾಲ್ಕು. ಅದು ಅವನ ಅಜ್ಜನಿಂದ ಬಂದ ಗುರುತು, ಸಹಿ ಬಾರದ ಮನೆತನದ ಸಹಿ.

ಆ ಸಹಿ ನಿಪ್ಪಾಣಿಯವರೆಗೆ ಮಾತ್ರ ಬದುಕುತ್ತಿತ್ತು. ಮಾಲೆಲ್ಲ ಹೋಗುತ್ತಿದ್ದದ್ದು ನಿಪ್ಪಾಣಿಯ ದಿನಕರ ಶೇಠನ ಅಂಗಡಿಗೆ. ಅಲ್ಲಿಯ ಆಳುಗಳು ಕಾಯಿಸಿದ ಕಬ್ಬಿಣದ ಮುದ್ರೆಯನ್ನು ಸರಿಯಾಗಿ ಹಿಮ್ಮಡಿಯ ಮೇಲೆಯೇ ಒತ್ತುತ್ತಿದ್ದರು. ಚುರ್ ಎಂದು ಹೊಗೆ ಎದ್ದು ಐದು ತೂತು ಸುಟ್ಟು ಮುಚ್ಚಿಹೋಗಿ, "ದಿನಕರ ಆ್ಯಂಡ್ ಸನ್ಸ್, ನಿಪ್ಪಾಣಿ" ಮೂಡುತ್ತಿತ್ತು. ಎಲ್ಲ ಅಂಗಡಿಯವರೂ ಮಾಡುವುದು ಹಾಗೆಯೇ. ಮಾಲು ಕೊಂಡ ಮೇಲೆ ಮಾಡಿದವನ ಗುರುತು ಇಟ್ಟುಕೊಂಡು ಪೂಜೆ ಮಾಡಬೇಕೇ ಎಂದು ಅವರ ಲೆಕ್ಕ. ಹದಿನೆಂಟು ವರ್ಷ ಮಾಲು ಕೊಟ್ಟ ರಾಜಾರಾಮನ ಹೆಸರೂ ಶೇಠನಿಗೆ ಗೊತ್ತಿರಲಿಲ್ಲ. ಅವನಿಗೆ ಇವನು "ಸದಲಗಾದಾಂವ", ಅಷ್ಟೇ.

ಎರಡು ಸಾವಿರದ ಒಂದನೆಯ ಇಸವಿ. ದಿಲ್ಲಿಯ ಪ್ರದರ್ಶನಕ್ಕೆಂದು ಶೇಠ ಒಂದು ವಿಶೇಷ ಜೋಡಿ ಮಾಡಿಸಿದ. ರಾಜಾರಾಮ ಮತ್ತು ಸುಂದರಾ ಮೂರು ತಿಂಗಳು ಅದರ ಮೇಲೆ ಕೂತರು. ನಡೆದರೆ ಕರ್ರ್ ಕರ್ರ್ ಎಂದು ಸಣ್ಣಗೆ ಹಾಡುವ ಚಪ್ಪಲಿ ಅದು. ಆ ಸದ್ದು ಬರುವಂತೆ ಪದರಗಳ ನಡುವೆ ಒಣ ಬೀಜ ಇಡುವ ಕೈಚಳಕ ರಾಜಾರಾಮನದು. ಅದಕ್ಕೆ ಬಹುಮಾನ ಬಂತು. ಮರಾಠಿ ಪೇಪರಿನಲ್ಲಿ ಶೇಠನ ಫೋಟೋ ಬಂತು, ಕೊರಳಲ್ಲಿ ಹಾರ, ಕೈಯಲ್ಲಿ ಚಪ್ಪಲಿ. "ಕುಶಲಕರ್ಮಿ ದಿನಕರರಾವ್" ಎಂದು ಬರೆದಿದ್ದರು. ಆ ಮನುಷ್ಯ ಜನ್ಮದಲ್ಲಿ ಒಂದು ಹೊಲಿಗೆ ಹಾಕಿದವನಲ್ಲ.

ರಾಜಾರಾಮ ಜಗಳಕ್ಕೆ ಹೋಗಲಿಲ್ಲ. ಪೇಪರಿನ ತುಂಡನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಒಂಬತ್ತನೆಯ ಇಯತ್ತೆಯಲ್ಲಿದ್ದ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದ. ಒಂದು ಕಡೆ ತನ್ನ ಹೆಸರೂ ಹಾಕಿಸಬಹುದಿತ್ತಲ್ಲ ಎಂದು ಕೇಳಬೇಕೆಂದಿದ್ದ, ಅಷ್ಟೇ ಅವನ ಆಸೆ. ಮೆಟ್ಟಿಲ ಕೆಳಗೆ ನಿಂತು, ಟೊಪ್ಪಿಗೆ ತೆಗೆದು, ಹಾಗೆಯೇ ಕೇಳಿದ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಶೇಠ ನಗುನಗುತ್ತ ಒಂದು ಚಪ್ಪಲಿಯನ್ನು ಬೋರಲು ಮಾಡಿ ಕೆಳಗೆ ಚಾಚಿದ.

"ಇದರ ಮ್ಯಾಲ ಯಾರ ಹೆಸರೈತಿ, ಓದು."

ತನಗೆ ಓದಲು ಬರುವುದಿಲ್ಲ ಎಂದ ರಾಜಾರಾಮ. ಶೇಠನ ಕಣ್ಣು ಕಾಂಚನಳ ಮೇಲೆ ಬಿತ್ತು. ಹುಡುಗಿ ಸಾಲಿಗೆ ಹೋಗುತ್ತಾಳಲ್ಲ, ಅವಳೇ ಓದಲಿ ಎಂದ. ಅವಳು ಅಪ್ಪನ ಮುಖ ನೋಡಿದಳು, ಅಪ್ಪ ನೆಲ ನೋಡುತ್ತಿದ್ದ. ಅವಳು ಓದಿದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಜೋರ್ಲೆ ಓದು. ನಿಮ್ಮಪ್ಪಗ ಕೇಳಸ್ಲಿ."

ದಿನಕರ ಆ್ಯಂಡ್ ಸನ್ಸ್, ನಿಪ್ಪಾಣಿ. ತನ್ನ ಬಾಯಿಂದಲೇ, ಅಷ್ಟು ಜನರ ಮುಂದೆ, ಜೋರಾಗಿ. ಗಿರಾಕಿಗಳು ನಕ್ಕರು. ಶೇಠನ ಮಗ ಸಂಗ್ರಾಮ, ಅವಳಿಗಿಂತ ಎರಡು ವರ್ಷ ದೊಡ್ಡವನು, ಎಲ್ಲರಿಗಿಂತ ಹೆಚ್ಚು ನಕ್ಕ. ವಾಪಸು ಬರುವಾಗ ಬಸ್ಸಿನಲ್ಲಿ ರಾಜಾರಾಮ "ಬಿಡವ್ವಾ" ಎಂದ. ಆ ದಿನದಿಂದ ಅವನು ಚಪ್ಪಲಿಗೆ ಐದು ತೂತು ಹೊಡೆಯುವುದನ್ನು ಬಿಟ್ಟ. ಸುಂದರಾ ಕೇಳಿದ್ದಕ್ಕೆ, ಹೆಂಗೂ ಸುಡುತ್ತಾರೆ, ಯಾಕ ಹೊಡೀಲಿ ಎಂದ. ಕಾಂಚನಳಿಗೆ ಬೇಕಾದದ್ದು ಅವತ್ತೇ ನಿಕ್ಕಿಯಾಯಿತು. ಅಪ್ಪ ಮತ್ತೆ ಆರಿ ಎತ್ತಬೇಕು. ಆ ಶೇಠನ ಬಾಯಲ್ಲಿ, ಇಲ್ಲವೇ ಅವನ ಮಗನ ಬಾಯಲ್ಲಿ, ಅಪ್ಪನ ಹೆಸರು ಜೋರಾಗಿ ಬರಬೇಕು.

ಬಡವರ ಸಿಟ್ಟಿಗೆ ದಾರಿ ಬೇಗ ಸಿಗುವುದಿಲ್ಲ. ಇವಳಿಗೆ ಸಿಕ್ಕಿದ್ದು ಏಳು ವರ್ಷದ ಮೇಲೆ, ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹತ್ತಿರ, ಪಾರಿಸಣ್ಣನ ಸೈಬರ್ ಕೆಫೆಯಲ್ಲಿ. ಕಾಲೇಜು ಮುಗಿಸಿ ಅಲ್ಲಿ ಟೈಪಿಂಗ್, ಝೆರಾಕ್ಸ್ ಕೆಲಸಕ್ಕೆ ಸೇರಿದ್ದಳು. ಒಬ್ಬ ಹುಡುಗ ದಿನವೂ ಬಂದು ಕಂಪ್ಯೂಟರಿನಲ್ಲಿ ಒಂದು ವಿಚಿತ್ರ ಲೋಕ ತೆರೆದು ಕೂರುತ್ತಿದ್ದ. ಅಲ್ಲಿ ದೇಶದೇಶದ ಜನ ಗೊಂಬೆಗಳಾಗಿ ತಿರುಗುತ್ತಾರೆ. ಮನೆ ಕಟ್ಟುತ್ತಾರೆ, ಅಂಗಡಿ ಹಾಕುತ್ತಾರೆ, ಬಟ್ಟೆ ಕೊಳ್ಳುತ್ತಾರೆ. ಅಲ್ಲಿಯ ನಾಣ್ಯವನ್ನು ಕೊಟ್ಟರೆ ನಿಜವಾದ ಡಾಲರ್ ಬರುತ್ತದೆ. ಕಾಂಚನ ಬಗ್ಗಿ ನೋಡಿದಳು. ಒಂದು ಗೊಂಬೆ ಬೂಟು ಕೊಳ್ಳುತ್ತಿತ್ತು. ಅಯ್ಯ ಶಿವನೇ, ನೆಲಕ್ಕೆ ಕಾಲು ತಾಗದವರೂ ಚಪ್ಪಲಿಗೆ ರೊಕ್ಕ ಕೊಡುತ್ತಾರೆಯೇ?

ಆ ಲೋಕದ ಇನ್ನೊಂದು ಕಟ್ಟಳೆಯನ್ನು ಆ ಹುಡುಗ ತಿಳಿಸಿಕೊಟ್ಟ. ಅಲ್ಲಿ ಯಾವ ವಸ್ತುವಿನ ಮೇಲೆ ಮೌಸ್ ಒತ್ತಿದರೂ ಒಂದು ಚೀಟಿ ತೆರೆಯುತ್ತದೆ, ಅದರಲ್ಲಿ ಮಾಡಿದ ದಿನಾಂಕ, ಮಾಡಿದವರ ಹೆಸರು ಇರುತ್ತದೆ. ವಸ್ತು ಎಷ್ಟು ಕೈ ಬದಲಾದರೂ ಆ ಹೆಸರನ್ನು ಯಾರಿಗೂ ಅಳಿಸಲು ಆಗುವುದಿಲ್ಲ. ಕಾಂಚನ ಅದನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಮರುದಿನವೇ ಅಲ್ಲಿ ತನಗೊಂದು ಗೊಂಬೆ ಮಾಡಿಕೊಂಡಳು. ಗೊಂಬೆಗೆ ಟೊಪ್ಪಿಗೆ, ಧೋತರ. ಹೆಸರು ರಾಜಾರಾಮ ಕಾಂಬಳೆ.

ಮುಂದಿನದು ಸುಲಭವಾಗಿರಲಿಲ್ಲ. ಅಪ್ಪನ ತೊಗಲಿನ ತುಂಡುಗಳನ್ನು ತಂದು ಸ್ಕ್ಯಾನರಿನ ಗಾಜಿನ ಮೇಲಿಟ್ಟು ಚಿತ್ರ ತೆಗೆದಳು. ಗಾಜಿಗೆಲ್ಲ ಎಣ್ಣೆ ಮೆತ್ತಿ, ಗಿರಾಕಿಗಳ ಮಾರ್ಕ್ಸ್‌ಕಾರ್ಡಿನ ಮೇಲೆ ಕಲೆ ಬಿದ್ದು, ಪಾರಿಸಣ್ಣ ಒಂದು ವಾರ ಮಾತು ಬಿಟ್ಟ. ಅವ್ವನ ಹೆಣಿಗೆಯ ಒಂದೊಂದು ಎಳೆಯನ್ನೂ ಹಾಗೆಯೇ ಇಳಿಸಿಕೊಂಡಳು. ಅಪ್ಪನಿಗೆ ಹೊಸ ಚಪ್ಪಲಿ ಹಾಕಿಸಿ ಅಂಗಳದಲ್ಲಿ ನಡೆಸಿ, ಕರ್ರ್ ಕರ್ರ್ ಸದ್ದನ್ನು ಮೊಬೈಲಿನಲ್ಲಿ ಹಿಡಿದಳು. ಏನು ಹುಚ್ಚವ್ವಾ ನಿನ್ನದು ಎಂದು ನಗುತ್ತ ಅವನು ಅತ್ತಿಂದಿತ್ತ ನಡೆದ. ಮೊದಲು ಮಾಡಿದ ಜೋಡಿಗಳು ಗೊಂಬೆಯ ಕಾಲಿಗೆ ಕೂಡದೆ ತೇಲಿದವು. ಅವಳು ತನಗೆ ತಾನೇ ಇನ್ನೊಮ್ಮೆ ಎಂದುಕೊಂಡು ಬಿಚ್ಚಿ ಮಾಡಿದಳು. ಕೊನೆಗೆ ಹಿಮ್ಮಡಿಯಲ್ಲಿ ಐದು ತೂತು ಇಟ್ಟಳು.

ಮೊದಲ ಜೋಡಿಗೆ ಬಂದದ್ದು ಒಂದು ಚಹಾದ ರೊಕ್ಕ. ಆದರೆ ನಡೆದರೆ ಹಾಡುವ ಚಪ್ಪಲಿ ಆ ಲೋಕದಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ಒಂದು ತಿಂಗಳಲ್ಲಿ ಗಳಿಸುವುದು ಅಪ್ಪ ವರ್ಷವಿಡೀ ಗಳಿಸುತ್ತಿದ್ದದ್ದಕ್ಕಿಂತ ಹೆಚ್ಚಾಯಿತು. ಹೊರದೇಶದ ರೊಕ್ಕ ನೋಡಿ ಬ್ಯಾಂಕಿನವರು ಕರೆಸಿ ಏನು ಮಾರುತ್ತೀಯ ಎಂದು ಕೇಳಿದರು. ಚಪ್ಪಲಿ ಎಂದಳು. ಎಲ್ಲಿವೆ ಎಂದರು. ಎಲ್ಲಿಯೂ ಇಲ್ಲ ಎಂದಳು. ಬ್ಯಾಂಕಿನ ಗುಮಾಸ್ತ ಸಂಜೆಯವರೆಗೆ ಅವಳನ್ನು ಬಿಡಲಿಲ್ಲ.

ಲ್ಯಾಪ್‌ಟಾಪ್ ಬಂತು, ಮನೆಯ ಮಾಡಿಗೆ ಹೊಸ ಪತ್ರಾಸಿನ ತಗಡು ಬಂತು. ಶೇಠನಿಗೆ ಮಾಲು ಕೊಡುವುದು ನಿಂತಿತು. ಆದರೂ ರಾಜಾರಾಮ ಆರಿ ಎತ್ತಿ ಐದು ತೂತು ಹೊಡೆಯಲಿಲ್ಲ. ಕಂಪ್ಯೂಟರಿನಲ್ಲಿ ತನ್ನ ಗುರುತು ತೋರಿಸಿದಾಗ ಸುಮ್ಮನೆ ನೋಡಿ, ಚಲೋ ಐತಿ ಎಂದು ಎದ್ದು ಹೋದ. ರೊಕ್ಕದಿಂದ ಆಗುವ ಕೆಲಸ ಅದಲ್ಲ ಎಂದು ಕಾಂಚನಳಿಗೆ ಗೊತ್ತಾಯಿತು.

ಎರಡು ಸಾವಿರದ ಹತ್ತರಲ್ಲಿ ಹಕ್ಕಿ ತಾನಾಗಿ ಬಂದು ಬಲೆಯಲ್ಲಿ ಕೂತಿತು. ಸಂಗ್ರಾಮ ಪುಣೆಯಲ್ಲಿ ವ್ಯಾಪಾರದ ಓದು ಮುಗಿಸಿ ಬಂದಿದ್ದ. ಈ ಹೊಸ ಲೋಕದ ಸುದ್ದಿ ಕೇಳಿ ಅಲ್ಲಿಯೂ ದಿನಕರ ಆ್ಯಂಡ್ ಸನ್ಸ್ ಎಂದು ದೊಡ್ಡ ಅಂಗಡಿ ಕಟ್ಟಿಸಿದ. ಅಂಗಡಿಯೇನೋ ಆಯಿತು, ಮಾಲು? ಮಾಡಲು ಇವನಿಗೆಲ್ಲಿ ಬರಬೇಕು. ಹುಡುಕುತ್ತ ಹುಡುಕುತ್ತ ರಾಜಾರಾಮ ಕಾಂಬಳೆಯ ಅಂಗಡಿಗೇ ಬಂದ. ಆ ಹೆಸರು ನೋಡಿದರೂ ಅವನಿಗೆ ಏನೂ ಅನಿಸಲಿಲ್ಲ. ಅವರ ಮನೆಯಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲವಲ್ಲ. "ರಾಜಾರಾಮಜಿ" ಎಂದು ಬಹಳ ಮರ್ಯಾದೆಯಿಂದ ಪತ್ರ ಬರೆದ. ನಿಮ್ಮ ಚಪ್ಪಲಿಗಳನ್ನು ನಮ್ಮ ಅಂಗಡಿಯಲ್ಲಿ ಮಾರುತ್ತೇವೆ, ಹಿಮ್ಮಡಿಯ ಮೇಲೆ ನಮ್ಮ ಮುದ್ರೆ ಅಂಟಿಸಿಕೊಳ್ಳುತ್ತೇವೆ, ಮಾಡಿದವರ ಹೆಸರು ನಮ್ಮ ಗಿರಾಕಿಗಳಿಗೆ ಬೇಕಿಲ್ಲ ಎಂದಿದ್ದ.

ಕಾಂಚನಳ ಮೈಯೆಲ್ಲ ಉರಿಯಿತು. ಉಗಿದು ಕಳಿಸಬಹುದಿತ್ತು. ಹಲ್ಲು ಕಚ್ಚಿ ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಎರಡೇ ಮಾತು ಬರೆದಳು. ಆಗಲಿ, ಅಂಟಿಸಿಕೊಳ್ಳಿ.

ಐದು ತೂತಿನ ಮೇಲೆ ಮತ್ತೆ ಮುದ್ರೆ ಬಿತ್ತು. ಈ ಸಲ ಹೊಗೆ ಏಳಲಿಲ್ಲ, ಅಷ್ಟೇ. ಮೌಸ್ ಒತ್ತಿದರೆ ಹೆಸರು ಬರುತ್ತದೆಂದು ಸಂಗ್ರಾಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮಾಡಿದವನ ಹೆಸರನ್ನು ಯಾರಾದರೂ ನೋಡುತ್ತಾರೆಂದು ಅವನ ತಲೆಗೇ ಬರಲಿಲ್ಲ. ಮೂರು ತಲೆಮಾರು ಮುದ್ರೆ ಒತ್ತಿ ಬೆಳೆದ ಮನೆ. ಮುದ್ರೆ ಬಿದ್ದ ಮೇಲೆ ಕೆಳಗೆ ಇನ್ನೇನೂ ಇರುವುದಿಲ್ಲ ಎಂದೇ ಅವರು ತಿಳಿದಿದ್ದರು.

ಒಂದು ವರ್ಷ ಕಾಂಚನ ಅವನಿಗೆ ಒಳ್ಳೊಳ್ಳೆಯ ಮಾಲು ಕೊಟ್ಟಳು. ಅವನ ಅಂಗಡಿ ಬೆಳೆಯಲಿ ಎಂದು ಕಾಯ್ದಳು. ಎತ್ತರದಿಂದ ಬಿದ್ದರೇ ಪೆಟ್ಟು ಚೆನ್ನಾಗಿ ಕೂರುತ್ತದೆ. ಎರಡು ಸಾವಿರದ ಹನ್ನೊಂದರ ದೀಪಾವಳಿಯ ಮುಂದೆ ಆ ಲೋಕದಲ್ಲಿ ಕೈಕೆಲಸದವರ ದೊಡ್ಡ ಪ್ರದರ್ಶನ ಏರ್ಪಟ್ಟಿತು. ಕಾಂಚನ ಮಾಡಿದ ಜೋಡಿಯನ್ನೇ ಸಂಗ್ರಾಮ ಸ್ಪರ್ಧೆಗೆ ಇಟ್ಟ. ಅದನ್ನು ನೋಡಿ ಹೊರದೇಶದ ಒಬ್ಬ ವ್ಯಾಪಾರಿ ನಿಜವಾದ ತೊಗಲಿನ ಎರಡು ಸಾವಿರ ಜೋಡಿ ಬೇಕೆಂದು ಮಾತು ಶುರು ಮಾಡಿದ್ದ. ಶೇಠ ಹಿಗ್ಗಿ ಹೀರೇಕಾಯಿಯಾದ. ಬಹುಮಾನದ ದಿನ ನಿಪ್ಪಾಣಿಯ ಅಂಗಡಿಯಲ್ಲಿ ಗೋಡೆಯ ಮೇಲೆ ದೊಡ್ಡ ಪರದೆ ಕಟ್ಟಿಸಿ, ಪೇಪರಿನವರನ್ನೂ ಪೇಟೆಯ ವ್ಯಾಪಾರಿಗಳನ್ನೂ ಕರೆಸಿ ಪೇಢೆ ಹಂಚಿದ.

ಅದೇ ಸಂಜೆ ಕಾಂಚನ ಬಸ್ಸು ಹತ್ತಿ ನಿಪ್ಪಾಣಿಗೆ ಬಂದು, ಶೇಠನ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಬೀಳುವವನ ಮುಖ ಕಾಣದಿದ್ದರೆ ಬೀಳಿಸಿ ಏನು ಸುಖ? ಡೇಟಾ ಕಾರ್ಡಿನ ನೆಟ್ ತೆವಳುತ್ತಿತ್ತು. ಎರಡು ಚಹಾ ತಣ್ಣಗಾದವು.

ಪರದೆಯ ಮೇಲೆ ತೀರ್ಪುಗಾರ್ತಿಯ ಗೊಂಬೆ ಚಪ್ಪಲಿಯ ಹತ್ತಿರ ಬಂದು ನಿಂತು, ಒತ್ತಿ ನೋಡಿ, ಈ ರಾಜಾರಾಮ ಕಾಂಬಳೆ ಯಾರು ಎಂದು ಬರೆದು ಕೇಳಿತು. ಪೇಢೆ ತಿನ್ನುತ್ತಿದ್ದವರೆಲ್ಲ ಪರದೆ ನೋಡಿದರು. ಸಂಗ್ರಾಮ ತಡಮಾಡಲಿಲ್ಲ. ನಮ್ಮ ಕಾರ್ಖಾನೆಯ ಹಳೆಯ ಆಳು, ಪಾಪ, ಹೋದ ವರ್ಷ ತೀರಿಕೊಂಡ ಎಂದು ಬರೆದುಬಿಟ್ಟ.

ತೀರಿಕೊಂಡನಂತೆ! ಅಪ್ಪನ ಹೆಸರು ಸುಟ್ಟದ್ದು ಸಾಲದೆ ಅಪ್ಪನನ್ನೂ ಸುಟ್ಟರು. ಕಾಂಚನ ಕೀಲಿಮಣೆಗೆ ಕೈ ಹಾಕಿದಳು. ಟೊಪ್ಪಿಗೆ ಧೋತರದ ಗೊಂಬೆ ಪ್ರದರ್ಶನದ ಬಾಗಿಲಲ್ಲಿ ಕಾಣಿಸಿಕೊಂಡು ಒಳಗೆ ನಡೆಯಿತು. ಶೇಠನ ಸ್ಪೀಕರಿನಿಂದ ಕರ್ರ್ ಕರ್ರ್ ಎಂದು ರಾಜಾರಾಮನ ನಡಿಗೆಯ ಸದ್ದು ರಸ್ತೆಯವರೆಗೆ ಕೇಳಿಸಿತು. ನಾನೇ ರಾಜಾರಾಮ ಕಾಂಬಳೆ, ಬದುಕಿದ್ದೇನೆ, ಇವರ ಆಳಲ್ಲ ಎಂದು ಗೊಂಬೆ ಹೇಳಿತು. ಇದೇ ಚಪ್ಪಲಿಯನ್ನು ಮೂರು ವರ್ಷದ ಹಿಂದೆ ಮಾಡಿದ ದಿನಾಂಕ ನನ್ನ ಕಾಲಿನ ಜೋಡಿಯಲ್ಲಿದೆ, ಒತ್ತಿ ನೋಡಿ. ಅವರ ಮುದ್ರೆಯ ಕೆಳಗೆ ಏನಿದೆ ಎಂಬುದು ನನ್ನ ಹಿಮ್ಮಡಿಯಲ್ಲಿ ಕಾಣುತ್ತದೆ ಎಂದಿತು. ಪರದೆಯ ತುಂಬ ಐದು ತೂತು.

ಬಹುಮಾನ ರಾಜಾರಾಮ ಕಾಂಬಳೆಗೆ ಹೋಯಿತು. ಸುಳ್ಳು ಹೇಳಿದ್ದಕ್ಕೆ ಆ ಲೋಕದವರು ಸಂಗ್ರಾಮನ ಅಂಗಡಿಯನ್ನು ಅಲ್ಲಿಯೇ ಮುಚ್ಚಿದರು. ಎದುರಿನ ಚಹಾದಂಗಡಿಯಿಂದ ಕಾಂಚನ ಶೇಠನ ಮುಖವನ್ನು ಕಣ್ತುಂಬ ನೋಡಿದಳು, ಕೈಯಲ್ಲಿ ಪೇಢೆ ಹಿಡಿದು ಬಾಯಿ ತೆರೆದು ನಿಂತಿದ್ದ. ತಣ್ಣಗಾದ ಚಹಾವನ್ನು ಒಂದು ಹನಿ ಬಿಡದೆ ಕುಡಿದು ಮನೆಗೆ ಬಂದಳು.

ಎಲ್ಲ ಕೇಳಿದ ರಾಜಾರಾಮ "ಸತ್ತಾನ ಅಂದ್ರ?" ಎಂದು ಕೇಳಿದ. ಹೂಂ ಎಂದಳು. ಅವನು ಎದ್ದು ಹೋಗಿ, ಹೊಸದಾಗಿ ಮುಗಿಸಿದ್ದ ಒಂದು ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಆರಿ ತೆಗೆದು ಐದು ತೂತು ಹೊಡೆದ. ಹತ್ತು ವರ್ಷದ ಮೇಲೆಯೂ ಒಂದು ಕೂದಲೆಳೆ ಆಚೀಚೆಯಾಗಲಿಲ್ಲ. ಸುಂದರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಂಚನ ಆ ತೂತುಗಳ ಕೆಳಗೆ "ರಾಜಾರಾಮ ಕಾಂಬಳೆ, ಸದಲಗಾ" ಎಂದು ಅಕ್ಷರ ಕೊರೆದಳು. ಅವಳು ಬೇಡಿದ್ದರಲ್ಲಿ ಅರ್ಧ ಕೈಗೆ ಬಂದಿತ್ತು.

ಉಳಿದರ್ಧ ಎಂಟು ದಿನಕ್ಕೆ ಕಾರಿನಲ್ಲಿ ಬಂತು. ಹೊರದೇಶದ ಆ ವ್ಯಾಪಾರಿ, ಪ್ರತಿ ಜೋಡಿಯ ಮೇಲೂ ಮಾಡಿದವರ ಹೆಸರಿರಬೇಕು, ರಾಜಾರಾಮನ ಒಪ್ಪಿಗೆಯ ಪತ್ರ ಬೇಕು, ಇಲ್ಲದಿದ್ದರೆ ನಿಮ್ಮ ಮಾಲು ಬೇಡ ಎಂದು ಶೇಠನಿಗೆ ಬರೆದಿದ್ದ. ಆರ್ಡರ್ ಕೈಯಲ್ಲೇ ಇದೆ ಎಂದು ನಂಬಿ ಶೇಠ ಗೋದಾಮು ತುಂಬ ತೊಗಲು ಖರೀದಿಸಿಟ್ಟಿದ್ದ. ಚಪ್ಪಲಿ ಮಾಡುವ ಊರೂರಲ್ಲಿ ಕಾಂಬಳೆ ಎಂಬ ಹೆಸರು ಹಿಡಿದು ಕೇಳುತ್ತ ಕೇಳುತ್ತ ಶೇಠ, ಸಂಗ್ರಾಮ ಇಬ್ಬರೂ ಸದಲಗಾದ ಆ ಓಣಿಗೆ ಬಂದರು. ಹುಟ್ಟಿದಾಗಿನಿಂದ ಕಾಲಿಡದ ಓಣಿ. ಅಂಗಳದಲ್ಲಿ ಕೂತವನನ್ನು ನೋಡಿದ ಶೇಠ ಅಲ್ಲೇ ನಿಂತ.

"ನೀ ಸದಲಗಾದಾಂವ," ಎಂದ.

ರಾಜಾರಾಮ ತಲೆ ಎತ್ತಲಿಲ್ಲ, ತೊಗಲು ಕೊಯ್ಯುತ್ತಲೇ ಇದ್ದ. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಅಂಗಳದ ಕೆಳಗೆ, ಬಿಸಿಲಿನಲ್ಲಿ ನಿಂತು ಶೇಠ ತನ್ನ ಕಷ್ಟ ಹೇಳಿಕೊಂಡ. ಆದದ್ದು ಆಯಿತು, ಒಂದು ಪತ್ರ ಕೊಟ್ಟರೆ ಇಬ್ಬರಿಗೂ ಬದುಕು ಎಂದ. ಓಣಿಯ ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಎದುರುಮನೆಯ ಲಗಮವ್ವ ಮೊಮ್ಮಗುವನ್ನು ಎತ್ತಿಕೊಂಡು ಕಟ್ಟೆಗೇ ಬಂದು ಕೂತಳು.

ಶೇಠನಿಗೆ ಗೊತ್ತಿಲ್ಲದ ಒಂದು ಸಂಗತಿ ಕಾಂಚನಳಿಗೆ ಗೊತ್ತಿತ್ತು. ಆ ವ್ಯಾಪಾರಿ ಎರಡು ದಿನದ ಹಿಂದೆಯೇ ನೇರವಾಗಿ ಅವಳಿಗೆ ಬರೆದಿದ್ದ. ಆರ್ಡರ್ ಇವರ ಓಣಿಗೇ ಬಂದಾಗಿತ್ತು, ಮಾತು ಮುಗಿದಿತ್ತು. ಕೊಡಲು ಯಾವ ಪತ್ರವೂ ಅವಳ ಹತ್ತಿರ ಇರಲಿಲ್ಲ. ಅದನ್ನು ಅವಳು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹೊಸ ಜೋಡಿಯಲ್ಲಿ ಒಂದನ್ನು ಬೋರಲು ಮಾಡಿ ಶೇಠನ ಮುಂದೆ ಚಾಚಿದಳು.

"ಇದರ ಮ್ಯಾಲ ಯಾರ ಹೆಸರೈತಿ, ಓದ್ರಿ."

ಶೇಠ ಚಪ್ಪಲಿಯನ್ನು ಕೈಯಲ್ಲಿ ಹಿಡಿದ. ಆಗ ಅವನಿಗೆ ನೆನಪಾಯಿತು, ಮುಖ ನೋಡಿದರೇ ತಿಳಿಯುತ್ತಿತ್ತು. ಚಷ್ಮಾ ಇಲ್ಲ, ಅಕ್ಷರ ಕಾಣಿಸುವುದಿಲ್ಲ ಎಂದ. ಹಾಗಾದರೆ ಪುಣೆಯಲ್ಲಿ ಓದಿ ಬಂದ ಮಗ ಇದ್ದಾನಲ್ಲ, ಅವನೇ ಓದಲಿ ಎಂದಳು. ಸಂಗ್ರಾಮ ಅಪ್ಪನ ಮುಖ ನೋಡಿದ, ಶೇಠ ನೆಲ ನೋಡುತ್ತಿದ್ದ.

ಸಂಗ್ರಾಮ ತುಟಿಯಲ್ಲೇ ಏನೋ ಗುಣುಗಿದ.

"ಜೋರ್ಲೆ ಓದ್ರಿ. ನಿಮ್ಮಪ್ಪಗ ಕೇಳಸ್ಲಿ."

"ರಾಜಾರಾಮ ಕಾಂಬಳೆ, ಸದಲಗಾ."

ಓಣಿಯಲ್ಲಿ ಯಾರೂ ನಗಲಿಲ್ಲ. ಹತ್ತು ವರ್ಷ ಈ ಘಳಿಗೆಗೆ ಕಾಯ್ದವಳಿಗೆ ಎದೆಯೊಳಗಿನದೆಲ್ಲ ಒಮ್ಮೆಲೇ ಇಳಿದಂತಾಯಿತು. ಇನ್ನು ಸಾಕು, ಆರ್ಡರಿನ ಮಾತು ಹೇಳಿ ಇವರನ್ನು ಕಳಿಸಿಬಿಡೋಣ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ರಾಜಾರಾಮ ಕೈಯ ಕೆಲಸ ಕೆಳಗಿಟ್ಟ. ಎಲ್ಲದಕ್ಕೂ ಬಿಡವ್ವಾ ಎನ್ನುತ್ತಿದ್ದ ಮನುಷ್ಯ, ಅಟ್ಟೆ ಬಡಿದು ಕೇಳುವಾಗಿನಂತೆ ತಲೆ ಓರೆ ಮಾಡಿದ.

"ಇನ್ನೊಮ್ಮೆ," ಎಂದ.

ಸಂಗ್ರಾಮ ಇನ್ನೊಮ್ಮೆ ಓದಿದ, ಈ ಸಲ ಸ್ವಲ್ಪ ಜೋರಾಗಿ. ಲಗಮವ್ವನ ಮೊಮ್ಮಗು ಬೆಚ್ಚಿ ಅತ್ತಿತು. ಶೇಠ ಬೆವರು ಒರೆಸಿಕೊಂಡು, ಆತಲ್ಲ, ಇನ್ನಾದರೂ ಪತ್ರದ ಮಾತಾಡೋಣ ಎಂದ. ರಾಜಾರಾಮ ಶೇಠನ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿಕೊಂಡು, ಕಿವಿಯನ್ನು ಆ ಹುಡುಗನ ಕಡೆಗೇ ಕೊಟ್ಟು ಕೂತಿದ್ದ.

"ಪದರ ಕೂಡಿಲ್ಲ. ಇನ್ನೊಮ್ಮೆ."

ಕಾಂಚನ ತೆರೆದ ಬಾಯಿ ಮುಚ್ಚಿಕೊಂಡು ಅಪ್ಪನ ಪಕ್ಕ ಕೂತಳು. ಸಂಗ್ರಾಮ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು, ಮತ್ತೆ ಓದಿದ.